ಹದಿನಾಲ್ಕನೇ ನಂಬರಿನ ಯಗ್ರುಮೊ

೨೦೧೯ರ ನವೆಂಬರ್ ೧೨, ಮಂಗಳವಾರ, ಬೆಳಿಗ್ಗೆ ೯ ಗಂಟೆ ೧೦ ನಿಮಿಷ. ನಮ್ಮ ದ್ವೀಪದ ಲುಕಿಯೊ ಬೆಟ್ಟದ ತಪ್ಪಲಿನಲ್ಲಿ, ಎರಡು ವರ್ಷದ ಹಿಂದೆ ಮಾರಿಯಾ ಚಂಡಮಾರುತ ಉರುಳಿಸಿದ ಯಗ್ರುಮೊ ಮರದ ಮುಂದೆ ನಾನು ಮಂಡಿಯೂರಿ ಕುಳಿತಿದ್ದೆ. ನಾಲ್ಕು ಸಲ ಅಳೆದಿದ್ದೆ. ನಾಲ್ಕು ಸಲವೂ ಮೂರು ಮಿಲಿಮೀಟರ್.

ನನ್ನ ಕೆಲಸ ಸರಳ. ಗೆರೆ ಕೊರೆದ ಉಕ್ಕಿನ ಕಡ್ಡಿಯನ್ನು ಬಿದ್ದ ಮರಕ್ಕೆ ಆನಿಸಬೇಕು. ಅದರ ತಲೆಯ ಮೇಲೆ ಒಂದು ಕಿಲೋ ಗುಂಡನ್ನು ಇಪ್ಪತ್ತು ಸೆಂಟಿಮೀಟರ್ ಎತ್ತರದಿಂದ ಬಿಡಬೇಕು. ಮರ ಕೊಳೆತಷ್ಟೂ ಕಡ್ಡಿ ಆಳಕ್ಕೆ ಇಳಿಯುತ್ತದೆ. ಗಾಳಿ ಬೀಸಿದ ಎರಡನೇ ತಿಂಗಳಲ್ಲಿ ನಾನು ಮೂವತ್ತು ಯಗ್ರುಮೊಗಳಿಗೆ ನಂಬರಿನ ಅಲ್ಯೂಮಿನಿಯಂ ಬಿಲ್ಲೆ ಹೊಡೆದು ಹೋಗಿದ್ದೆ. ಯಗ್ರುಮೊ ಒಳಗೆ ಪೊಳ್ಳು, ಹೊರಗೆ ಮೆದು. ಎರಡು ವರ್ಷಕ್ಕೆ ಕಾಫಿಗೆ ಅದ್ದಿದ ಬ್ರೆಡ್ಡಿನಂತಾಗುತ್ತದೆ. ಇಪ್ಪತ್ತೊಂಬತ್ತು ಮರಗಳು ಹಾಗೇ ಆಗಿದ್ದವು. ಕಡ್ಡಿ ನಲವತ್ತು ಮಿಲಿಮೀಟರ್ ದಾಟಿ ಇಳಿದಿತ್ತು. ಹದಿನಾಲ್ಕನೆಯದು ಮಾತ್ರ ಮೇಜಿನಂತೆ ಗಟ್ಟಿ.

ನಮ್ಮ ಪ್ರೊಫೆಸರ್ ಲೆದೆಸ್ಮಾಗೆ ಫೋನ್ ಮಾಡಿದೆ.

"ಕೊಳೆಯದ ಯಗ್ರುಮೊನಾ?" ಅವರು ಕೂಗಿಯೇಬಿಟ್ಟರು. "ಯಾರೆಲಿಸ್, ಶುಕ್ರವಾರದ ಸಮ್ಮೇಳನದಲ್ಲಿ ಇಪ್ಪತ್ತು ನಿಮಿಷ ನಿನಗೆ. ವೇದಿಕೆ ಮೇಲೆ!"

ಅಲ್ಲಿಯವರೆಗೆ ಸಮ್ಮೇಳನದಲ್ಲಿ ನನಗಿದ್ದ ಜಾಗವೆಂದರೆ, ಶೌಚಾಲಯಕ್ಕೆ ಹೋಗುವ ದಾರಿಯ ಗೋಡೆಗೆ ಅಂಟಿಸಿದ ಒಂದು ಭಿತ್ತಿಪತ್ರ. ನಾನು ಸಂತೋಷದಿಂದ ಮರಕ್ಕೆ ಒರಗಿದೆ. ಆಗಲೇ ಆ ವಾಸನೆ ಮೂಗಿಗೆ ಬಡಿದದ್ದು. ಅಗಸೆ ಎಣ್ಣೆ. ಶಾಲೆಯ ಮೊದಲ ದಿನ ಬೆಂಚುಗಳಿಂದ ಬರುವ ವಾಸನೆ. ಬಗ್ಗಿ ನೋಡಿದರೆ ಮರದಡಿಗೆ ಸಾಲಾಗಿ ನಾಲ್ಕು ಚಪ್ಪಟೆ ಕಲ್ಲು.

"ಬಂದ್ರಾ ಮೇಡಂ!" ಕಾಡಿನ ಅಂಚಿನ ಮನೆಯ ಹಿರಿಯರು, ದೋನ್ ಎಲಾದಿಯೊ, ಇಳಿದು ಬರುತ್ತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಹೆಗಲ ಮೇಲೆ ಬಟ್ಟೆಯ ತುಂಡು, ಕೈಯಲ್ಲಿ ನನಗೆ ಕಾಫಿ. "ಎರಡು ವರ್ಷ ಬಿಟ್ಟು ಬಂದು ನೋಡ್ತೀನಿ ಅಂದಿದ್ರಿ. ಬೆಳಗ್ಗೆನೇ ಟಾರ್ಪಾಲು ತೆಗೆದು ಒರೆಸಿಟ್ಟಿದ್ದೀನಿ. ನೋಡಿ, ಒಂದು ಗೆದ್ದಲು ತೋರಿಸಿ ನೋಡೋಣ!"

"ಟಾರ್ಪಾಲು ಬೇರೆ ಹೊದಿಸಿದ್ರಾ?"

"ಗಾಳಿ ಆದ್ಮೇಲೆ ಸರ್ಕಾರದೋರು ಮನೆ ಚಾವಣಿಗೆ ಕೊಟ್ಟಿದ್ದು!" ಅಡುಗೆಮನೆ ಕಿಟಕಿಯಿಂದ ಅವರ ಹೆಂಡತಿ ದೋನ್ಯಾ ಮೊನ್ಸಿ ಕೂಗಿದರು. "ಸೋರೋದು ನನ್ನ ತಲೆ ಮೇಲೆ, ಹೊದಿಕೆ ಸತ್ತ ಮರಕ್ಕೆ! ಸೊಂಟನೋವು ಅಂದ್ರೆ ನಂಗೆ ಎಣ್ಣೆ ಇಲ್ಲ, ಅದಕ್ಕೆ ತಿಂಗಳಿಗೊಂದು ಸಲ ತಪ್ಪದೆ ಮಾಲೀಶು!"

ದೋನ್ ಎಲಾದಿಯೊ ಮೂವತ್ತೊಂದು ವರ್ಷ ಶಾಲೆಯ ಜವಾನರಾಗಿದ್ದವರು. ಗಾಳಿಯ ನಂತರ ಆ ಶಾಲೆ ಬಾಗಿಲು ತೆರೆಯಲೇ ಇಲ್ಲ. ನಮ್ಮ ಶಾಲೆಗಳಲ್ಲಿ ಕುರ್ಚಿ, ಮೇಜು, ಭೂಪಟದ ಕೋಲಿಗೂ ಲೋಹದ ನಂಬರು ಇರುತ್ತದೆ. ಇನ್ಸ್‌ಪೆಕ್ಟರ್ ಬಂದಾಗ ಪ್ರತಿಯೊಂದನ್ನೂ ಸುಸ್ಥಿತಿಯಲ್ಲಿ ತೋರಿಸಬೇಕು. ನಾನು ಅವರ ಮನೆಯೆದುರಿನ ಆ ಮರಕ್ಕೆ ನಂಬರು ಹೊಡೆದು ಹೋಗಿದ್ದೆ.

"ಪಾಸಾ?" ಅವರು ಕೇಳಿದರು. ಕೈಗಳು ಪ್ಯಾಂಟಿನ ಹೊಲಿಗೆಗೆ ಅಂಟಿ ನೇರವಾಗಿದ್ದವು.

ಹೂಂ ಎಂದುಬಿಟ್ಟರೆ ಅವರಿಗೂ ಸಂತೋಷ, ನನಗೂ ವೇದಿಕೆ. ಎಣ್ಣೆಯ ವಾಸನೆ ಸಮ್ಮೇಳನದವರೆಗೆ ಬರುವುದಿಲ್ಲ. ನಾನು ಕಾಫಿಯನ್ನು ಅಗತ್ಯಕ್ಕಿಂತ ನಿಧಾನವಾಗಿ ಕುಡಿದೆ.

"ಯಾಕೆ ನುಂಗ್ತಾ ಇದ್ದೀಯ ಮಗಳೇ?" ಎಂದರು ದೋನ್ಯಾ ಮೊನ್ಸಿ. "ಯಗ್ರುಮೊ ಎಲೆ ಥರ ಮೇಲೊಂದು ಬಣ್ಣ ಕೆಳಗೊಂದು ಬಣ್ಣ ಬೇಡ. ಇದ್ದದ್ದು ಹೇಳು."

ಹೇಳಿದೆ. "ದೋನ್ ಎಲಾದಿಯೊ, ಅದು ಕೊಳೀಬೇಕಿತ್ತು. ಎಷ್ಟು ಬೇಗ ಕೊಳೆಯುತ್ತೆ ಅನ್ನೋದೇ ನನ್ನ ಲೆಕ್ಕ."

ಅವರು ಮರದ ಮೇಲೆ ಮೆಲ್ಲಗೆ ಕುಳಿತರು. "ಮೂವತ್ತೊಂದು ವರ್ಷದಲ್ಲಿ ಒಂದು ಕೆಂಪು ಗುರುತು ಬಿದ್ದಿರಲಿಲ್ಲ ನನ್ನ ಮೇಲೆ."

ಅವರೆದುರೇ ಪ್ರೊಫೆಸರಿಗೆ ಮತ್ತೆ ಫೋನ್ ಮಾಡಿದೆ. "ಸರ್, ಅದಕ್ಕೆ ಯಾರೋ ಎಣ್ಣೆ ಹಚ್ಚಿದ್ದಾರೆ. ಇಪ್ಪತ್ತು ನಿಮಿಷ ವಾಪಸ್ ತಗೊಳ್ಳಿ." ಗೋಡೆಯ ಜಾಗ ಇನ್ನೂ ಖಾಲಿ ಇದೆ ಎಂದರು ಅವರು.

ಫೋನಿಡುವಷ್ಟರಲ್ಲಿ ದೋನ್ ಎಲಾದಿಯೊ ಗರಗಸ ತಂದಿದ್ದರು. "ನಿಮಗೆ ಕೊಳೀಬೇಕು, ನನಗೆ ಕೊಳೀಬಾರ್ದು. ಮರ ಉದ್ದ ಇದೆಯಲ್ಲ ಮೇಡಂ?"

ನಡುವೆ ಕೊಯ್ದೆವು. ನನ್ನ ಅರ್ಧವನ್ನು ಎಣ್ಣೆ ಹೋಗುವವರೆಗೆ ಅವರೇ ಉಜ್ಜುಗೊರಡು ಹಾಕಿ ಹೆರೆದು, ಕಲ್ಲಿನಿಂದ ಮಣ್ಣಿಗೆ ಉರುಳಿಸಿದರು. ಅದಕ್ಕೆ ಹೊಸ ಬಿಲ್ಲೆ ಹೊಡೆಯಲು ಹೋದಾಗ ಮಾತ್ರ ನನ್ನ ಕೈ ಹಿಡಿದರು. "ಇದಕ್ಕೆ ನಂಬರು ಬೇಡ ಮಗಳೇ. ನಂಬರಿರೋ ವಸ್ತು ಕಣ್ಣೆದುರು ಹಾಳಾದ್ರೆ ನಂಗೆ ಊಟ ಸೇರಲ್ಲ."

ಎರಡು ವರ್ಷ ಬಿಟ್ಟು, ನವೆಂಬರಿನಲ್ಲೇ ಮತ್ತೆ ಹೋದೆ. ನನ್ನ ಅರ್ಧದ ತುಂಬ ಕಿವಿಯಾಕಾರದ ಅಣಬೆ. ಬಿರುಕಿನಲ್ಲಿ ಒಂದು ಪುಟ್ಟ ಕೊಕಿ ಕಪ್ಪೆ. ತಮ್ಮ ಅರ್ಧದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದ ದೋನ್ ಎಲಾದಿಯೊ ಕೋಲು ಬೀಸಿ ಕೋಳಿಗಳನ್ನು ಓಡಿಸುತ್ತಿದ್ದರು.

"ಕೋಳಿ ಏನು ಮಾಡಿದ್ವು?"

"ಗೆದ್ದಲು ತಿನ್ನಕ್ಕೆ ಬರ್ತಾವೆ ಮೇಡಂ. ಗೆದ್ದಲು ಹೋದ್ರೆ ನಿಮ್ಮದು ಕೊಳೆಯೋದು ಹೇಗೆ?"

"ಮೊದಲು ಗೆದ್ದಲಿನಿಂದ ಮರಕ್ಕೆ ಕಾವಲು," ಕಿಟಕಿಯಿಂದ ದನಿ ಬಂತು, "ಈಗ ಕೋಳಿಯಿಂದ ಗೆದ್ದಲಿಗೆ ಕಾವಲು. ನನ್ನನ್ನ ಕಾಯೋರು ಯಾರೂ ಇಲ್ಲ!"

ಕೋಳಿಗಳನ್ನು ಓಡಿಸಿದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ; ಅದೂ ಲೆಕ್ಕವನ್ನು ಬದಲಿಸುತ್ತದೆ, ಬರೆಯಲೇಬೇಕು. ಆಮೇಲೆ ಎರಡೂ ಅರ್ಧಗಳಿಗೆ ಕಡ್ಡಿ ಆನಿಸಿ ಗುಂಡು ಬಿಟ್ಟೆ. ಅವರು ಎದ್ದು ನಿಂತರು, ಕೈ ಹೊಲಿಗೆಗೆ ಅಂಟಿತು.

"ಪಾಸಾ?"

"ಎರಡೂ ಪಾಸು, ದೋನ್ ಎಲಾದಿಯೊ."

ಅವರ ಅರ್ಧ ಮೂರು ಮಿಲಿಮೀಟರ್. ನನ್ನದು ನಲವತ್ತಾರು.