ಈಶ್ವರಿಯ ಪರೀಕ್ಷೆ, ಧಣಿಮನೆಯ ಬಿಟ್ಟಿ

ಅಮ್ಮಣಿ ಬುಟ್ಟಿ ಹೆಣೆಯುತ್ತ ಕೂತಿದ್ದಳು. ಬಳ್ಳಿ ಎಲ್ಲೋ, ಕೈ ಎಲ್ಲೋ. ಒಂದೇ ಸುತ್ತನ್ನು ಮೂರು ಸಲ ಬಿಚ್ಚಿದಳು. ಬೆಳಿಗ್ಗೆ ಅವಳಿಂದ ಒಂದು ಎಡವಟ್ಟಾಗಿತ್ತು. ಧಣಿಮನೆಯ ಆಳು ಬಂದು ವೀಳ್ಯದೆಲೆ, ಅಡಿಕೆ ಚಾಚಿದ. ಇವಳು ಅಭ್ಯಾಸಬಲದಿಂದ ಎರಡೂ ಕೈ ಒಡ್ಡಿ ತೆಗೆದುಕೊಂಡುಬಿಟ್ಟಳು!

ಕುಂಬ್ಡಾಜೆಯ ಗುಡ್ಡದ ಬದಿಯ ಕೊರಗ ಸಮುದಾಯದ ಆ ಏಳು ಮನೆಗಳಲ್ಲಿ ವೀಳ್ಯ ಹಿಡಿದರೆ ಮಾತು ಕೊಟ್ಟ ಹಾಗೆ. ಧಣಿ ಪುರಂದರರ ಮನೆಯಲ್ಲಿ ವರ್ಷಕ್ಕೊಮ್ಮೆ ದೈವದ ನೇಮೋತ್ಸವ. ಆಗ ಈ ಮನೆಗಳಿಂದ ಒಬ್ಬೊಬ್ಬರು ಹೋಗಿ ಮೂರು ದಿನ ಅಂಗಳ ಸಾರಿಸಬೇಕು, ಸೌದೆ ಹೊರಬೇಕು, ಎಂಜಲೆಲೆ ಬಾಚಬೇಕು. ಕೂಲಿ ಇಲ್ಲ. ಊಟ ಉಂಟು, ಅದೂ ಕೊಟ್ಟಿಗೆಯ ಹಿಂದೆ. ಅಮ್ಮಣಿಯ ಅತ್ತೆ ಹೋಗಿದ್ದಳು, ಅಮ್ಮಣಿಯೂ ಹೋಗಿದ್ದಳು. ಈ ಸಲ ಆಳು ಹೇಳಿದ್ದು ಬೇರೆ. "ನಿನಗೆ ಸೊಂಟ ನೋವಲ್ವಾ, ಮಗಳನ್ನು ಕಳಿಸು. ಸೋಮವಾರದಿಂದ."

ಸೋಮವಾರ ಮಗಳು ಈಶ್ವರಿಗೆ ಪ್ಲಸ್ ಟು ಪರೀಕ್ಷೆ ಶುರು. ಆ ಏಳು ಮನೆಗಳಲ್ಲಿ ಅಷ್ಟು ಓದಿದವಳು ಅವಳೊಬ್ಬಳೇ.

"ಈಗ ಎಂತ ಮಾಡುವುದು?" ಎಂದು ಗಂಡ ಬಟ್ಯನನ್ನು ಕೇಳಿದಳು.

"ಎಂತ ಮಾಡುವುದು? ವೀಳ್ಯ ಹಿಡಿದಾಯ್ತಲ್ಲ. ತಪ್ಪಿದ್ರೆ ದೈವ ಸುಮ್ಮನೆ ಬಿಟ್ಟೀತಾ? ಧಣಿಯಾದ್ರೂ ಬಿಟ್ಟಾರಾ? ನಾಳೆ ತೋಟದ ಕೆಲಸಕ್ಕೆ ಕರೀಲಿಕ್ಕಿಲ್ಲ."

ಒಳಗೆ ಈಶ್ವರಿ ಗಟ್ಟಿಯಾಗಿ ಓದುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

ಅಷ್ಟರಲ್ಲಿ ರಶ್ಮಿತಾ ಬಂದಳು. ಪರಿಶಿಷ್ಟ ವರ್ಗ ಇಲಾಖೆಯ ಪ್ರಮೋಟರ್ ಅವಳು. ಯಾವ ಕಾಗದಕ್ಕೆ ಯಾವ ಆಫೀಸು ಎಂದು ಮನೆಮನೆಗೆ ಬಂದು ಹೇಳಿಕೊಡುವ ಹುಡುಗಿ. ಬಾಯಿ ಜೋರು, ಆದರೆ ಕರೆದಲ್ಲಿಗೆ ಓಡಿ ಬರುವವಳು.

"ಎಂತ ಅಮ್ಮಣಿಯಕ್ಕ, ಮುಖ ಬಾಡಿದೆ?"

ವಿಷಯ ಕೇಳಿದ್ದೇ ತಡ, ಅವಳು ಸಿಡಿದಳು. "ವೀಳ್ಯ ಹಿಡಿದದ್ದಕ್ಕೆ ಪರೀಕ್ಷೆ ಬಿಡಿಸುವುದಾ? ಒಳ್ಳೆ ಕಥೆ ಮಾರ್ರೆ! ಬಿಟ್ಟಿ ದುಡಿಸಬಾರದು ಅಂತ ನಮ್ಮ ಸಂವಿಧಾನದಲ್ಲಿ ಉಂಟು, ಇಪ್ಪತ್ತಮೂರನೇ ವಿಧಿ. ಪದ್ಧತಿ ಅನ್ನಲಿ, ಮಾತು ಕೊಟ್ಟಿದ್ದೀರಿ ಅನ್ನಲಿ, ಕಾನೂನಿನ ಮುಂದೆ ನಡೆಯುವುದಿಲ್ಲ. ಜಾತಿ ನೋಡಿ ಕೊಟ್ಟಿಗೆಯ ಹಿಂದೆ ಕೂರಿಸುವುದು ಅಸ್ಪೃಶ್ಯತೆ, ಅದೂ ಅಪರಾಧ."

ಬಟ್ಯ ನಕ್ಕ. ಸಂತೋಷದ ನಗುವಲ್ಲ ಅದು. "ಕಾಗದದಲ್ಲಿ ಉಂಟು ಮಗಾ. ಆ ಕಾಗದ ಈ ಗುಡ್ಡ ಹತ್ತಿ ಬಂದದ್ದು ನಾನು ನೋಡಲಿಲ್ಲ."

ಈಶ್ವರಿ ಬಾಗಿಲಿಗೆ ಬಂದಳು. "ಅಪ್ಪ, ನಾನೊಂದು ಹೇಳ್ತೇನೆ. ಲೈಬ್ರರಿಯ ಪುಸ್ತಕದಲ್ಲಿ ಓದಿದ್ದು. ಅಮೆರಿಕದಲ್ಲಿ ಕಪ್ಪು ಜನರನ್ನು ದನದ ಹಾಗೆ ಮಾರ್ತಿದ್ರು. ಆ ವಿಷಯಕ್ಕೆ ಒಂದೇ ದೇಶದವರು ನಾಲ್ಕು ವರ್ಷ ತಮ್ಮೊಳಗೇ ಯುದ್ಧ ಮಾಡಿದ್ರು. ಲಕ್ಷಗಟ್ಟಲೆ ಜನ ಸತ್ರು. ಆಮೇಲೆ ಅಲ್ಲಿಯ ಸಂವಿಧಾನವನ್ನೇ ತಿದ್ದಿದ್ರು. ಇನ್ನು ಯಾರೂ ಗುಲಾಮರಲ್ಲ, ಅಲ್ಲಿ ಹುಟ್ಟಿದ ಕಪ್ಪು ಜನರೂ ಪ್ರಜೆಗಳೇ, ಬಣ್ಣ ನೋಡಿ ಓಟು ತಪ್ಪಿಸಬಾರದು ಅಂತ ಬರೆದ್ರು."

"ಮತ್ತೆ? ಎಲ್ಲ ಸರಿಯಾಯ್ತಾ?"

"ಇಲ್ಲ. ಧಣಿಗಳು ಹೊಸ ಹೊಸ ಕಟ್ಟಳೆ ತಂದು ಪುನಃ ಅದೇ ಹೊಲದಲ್ಲಿ ದುಡಿಸಿದ್ರು. ಓಟು ಹಾಕಲಿಕ್ಕೆ ಹೋದವರನ್ನು ಹೊಡೆದ್ರು."

"ನೋಡಿದೆಯಾ! ನಾನು ಹೇಳಿದ್ದೂ ಅದನ್ನೇ!"

"ಆದ್ರೆ ಬರೆದದ್ದು ಇತ್ತಲ್ಲ ಅಪ್ಪ. ಅದನ್ನು ಹಿಡ್ಕೊಂಡು ಕೋರ್ಟಿಗೆ ಹೋದ್ರು, ಬೀದಿಗೆ ಇಳಿದ್ರು. ನೂರು ವರ್ಷ ಬಿಡದೆ ಕೇಳಿದ್ರು. ನಾವು ಒಂದು ಸಲವೂ ಕೇಳಲಿಲ್ಲ." ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು.



"ದೈವ ಮುನಿದ್ರೆ?" ಅಮ್ಮಣಿ ಮೆಲ್ಲಗೆ ಕೇಳಿದಳು.

"ದೈವದ ಎದುರು ಎಲ್ಲರ ಹಾಗೆ ನಿಂತು ಕೈ ಮುಗಿಯಿರಿ ಅಕ್ಕ, ಯಾರು ಬೇಡ ಹೇಳಿದ್ದು?" ಎಂದಳು ರಶ್ಮಿತಾ. " ಎಂಜಲೆಲೆ ಬಾಚಲಿಕ್ಕೆ ಕರೆದದ್ದು ದೈವ ಅಲ್ಲ, ಪುರಂದರಣ್ಣ. ತೋಟದ ಕೆಲಸ ತಪ್ಪಿದ್ರೆ ಉದ್ಯೋಗ ಖಾತರಿಗೆ ನಾನೇ ಅರ್ಜಿ ಬರೆದು ಕೊಡ್ತೇನೆ. ಯಾರಾದ್ರೂ ಹೆದರಿಸಿದ್ರೆ ಪೊಲೀಸ್ ಉಂಟು. ವಕೀಲರನ್ನೂ ಸರ್ಕಾರ ಉಚಿತವಾಗಿ ಕೊಡ್ತದೆ."

ಧೈರ್ಯ ಬಂತೋ? ಎಲ್ಲಿಂದ! ಸೋಮವಾರಕ್ಕೆ ಇನ್ನು ನಾಲ್ಕು ದಿನ; ಪ್ರತಿ ರಾತ್ರಿ ಗಂಡ ಹೆಂಡತಿ ಅದನ್ನೇ ಮಾತಾಡಿದರು, ಕೊನೆಗೆ ಮಗಳನ್ನು ಪರೀಕ್ಷೆಗೇ ಕಳಿಸುವುದೆಂದಾಯಿತು.

ಸೋಮವಾರ ಬೆಳಿಗ್ಗೆ ಮೂವರೂ ಹೊರಟರು. ಬಸ್ಸಿಗೆ ಹೋಗುವ ದಾರಿ ಧಣಿಮನೆಯ ಅಂಗಳದ ಎದುರಿನಿಂದಲೇ. ಚಪ್ಪರ ಹಾಕಿತ್ತು, ಜನ ತುಂಬಿತ್ತು. ಅಮ್ಮಣಿ ತಲೆ ತಗ್ಗಿಸಿ ಬೇಗ ಬೇಗ ಹೆಜ್ಜೆ ಹಾಕಿದಳು.

"ಅಮ್ಮಣಿ!" ಪುರಂದರರು ಅಂಗಳದಿಂದಲೇ ಕೂಗಿದರು. "ಮಗಳು ಈಚೆ ಬರಬೇಕಲ್ಲ? ಎಲ್ಲಿಗೆ ಕರ್ಕೊಂಡು ಹೋಗ್ತೀ?"

ಅಷ್ಟೂ ಜನ ತಿರುಗಿ ನೋಡಿದರು. ಅಮ್ಮಣಿ ನಿಂತಳು. ಮಗಳ ಕೈ ಗಟ್ಟಿ ಹಿಡಿದುಕೊಂಡಳು.

"ವೀಳ್ಯ ಹಿಡಿದದ್ದು ನಾನು ಧಣಿ, ನನ್ನ ತಪ್ಪು. ಇವಳಿಗೆ ಪರೀಕ್ಷೆ ಉಂಟು, ಬರುವುದಿಲ್ಲ. ನಾವೂ ಇನ್ನು ಬಿಟ್ಟಿಗೆ ಬರುವುದಿಲ್ಲ. ಜನ ಬೇಕಾದ್ರೆ ಕೂಲಿ ಹೇಳಿ ಕರೀರಿ."

ಪುರಂದರರ ಮುಖ ಕೆಂಪೇರಿತು. "ಇದನ್ನೆಲ್ಲ ಯಾರು ಹೇಳಿಕೊಟ್ಟದ್ದು ನಿಮಗೆ?"

ಬಟ್ಯ ಮುಂದೆ ಬಂದ. "ನನ್ನ ಮಗಳು," ಎಂದ.

ಅಷ್ಟು ಹೇಳಿ ನಡೆದರು. ಅಮ್ಮಣಿ ಎರಡು ಸಲ ಹಿಂದೆ ನೋಡಿದಳು. ಯಾರೂ ಅಟ್ಟಿಸಿಕೊಂಡು ಬರಲಿಲ್ಲ. ಪರೀಕ್ಷೆಯ ಗಂಟೆ ಹೊಡೆಯುವಾಗ ಈಶ್ವರಿ ತನ್ನ ಬೆಂಚಿನಲ್ಲಿ ಕೂತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಪದ್ಧತಿಯ ಹೆಸರಿನಲ್ಲಿ ಬಿಟ್ಟಿ ದುಡಿಸುತ್ತಾರೆಯೇ? ಹೆದರಿಕೆಯಾಗುತ್ತದೆ, ನಿಜ. ಅಮ್ಮಣಿಗೂ ಆಗಿತ್ತು. ಒಬ್ಬರೇ ಕೂತು ಕೊರಗಬೇಡಿ. ನಿಮ್ಮ ಊರಿನವರ ಸಭೆಯಾದ ಊರುಕೂಟದಲ್ಲಿ ಹೇಳಿ, ಪ್ರಮೋಟರನ್ನು ಕರೆಯಿರಿ, ಉಚಿತ ಕಾನೂನು ನೆರವು ಕೇಳಿ. ನೀವು ದುಡಿಸಿಕೊಳ್ಳುವ ಮನೆಯವರಾದರೆ ಕೂಲಿ ಕೊಡಿ, ಎಲ್ಲರ ಪಂಕ್ತಿಯಲ್ಲೇ ಎಲೆ ಹಾಕಿ. ಹಕ್ಕು ಬರೆದಿಟ್ಟು ಎಪ್ಪತ್ತೈದು ವರ್ಷ ದಾಟಿತು. ಇನ್ನು ಬಾಯಿಬಿಟ್ಟು ಕೇಳಬೇಕಾದವರು ನಾವು.