ಬೆಂಕಿಗೆ ಹೆದರಿ ತುಂಬಿಟ್ಟ ಬ್ಯಾಗು

ಉಪ್ಪಾರಹಳ್ಳಿಯಲ್ಲಿ ಪಕ್ಕದ ಬೀದಿಯ ಶಶಿಕಲಾಳ ಮನೆಗೆ ಬೆಂಕಿ ಬಿದ್ದಾಗ ಯಾರಿಗೂ ಏನೂ ಆಗಲಿಲ್ಲ. ಫ್ರಿಜ್ಜಿನ ಹಿಂದೆ ಹತ್ತಿದ ಕಿಡಿ ಒಂದು ಕೋಣೆಯನ್ನೂ ಅದರಲ್ಲಿದ್ದ ಬೀರುವನ್ನೂ ಸುಟ್ಟಿತು, ಅಷ್ಟೇ. ಆದರೆ ಆಮೇಲೆ ಅವಳು ಪಟ್ಟ ಪಾಡನ್ನು ಬಿಂದುಶ್ರೀ ಕಣ್ಣಾರೆ ಕಂಡಳು. ಮಗನ ಜನನ ಪತ್ರಕ್ಕೆ ಒಂದು ಕಚೇರಿ, ತನ್ನ ಮಾರ್ಕ್ಸ್ ಕಾರ್ಡಿಗೆ ಇನ್ನೊಂದು. ಹೋದಲ್ಲೆಲ್ಲ ಸುಟ್ಟುಹೋದ ಕಾಗದದ ಜೆರಾಕ್ಸನ್ನೇ ಕೇಳುತ್ತಿದ್ದರು.

"ಉಟ್ಟ ಬಟ್ಟೇಲಿ ಓಡ್ಬಂದೆ ಕಣೇ ಬಿಂದು. ಒಂದು ಬ್ಯಾಗಿಗೆ ಹಾಕಿ ಬಾಗ್ಲ ಹತ್ರ ಇಟ್ಟಿದ್ರೆ ಕೈಗೆ ಸಿಗ್ತಿತ್ತು" ಎಂದಳು ಶಶಿಕಲಾ.

ಆ ಭಾನುವಾರವೇ ಬಿಂದುಶ್ರೀ ಮಗಳು ಇಂಪನಾಳ ಹಳೆಯ ಸ್ಕೂಲ್ ಬ್ಯಾಗು ತೆಗೆದಳು. ತನ್ನ ಮಾರ್ಕ್ಸ್ ಕಾರ್ಡು, ಮಗಳ ಜನನ ಪತ್ರ, ಇಬ್ಬರ ಆಧಾರ್, ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗಿಟ್ಟಳು. ಗಂಡನ ಕಾಗದಗಳೂ ಮನೆಪತ್ರವೂ ಬೀರುವಿನಲ್ಲಿದ್ದವು; ಬೀಗದ ಕೈ ಅವನ ಹತ್ತಿರ. ಸಂಜೆ ಕೇಳಿದರಾಯಿತು ಎಂದುಕೊಂಡಳು.

ಅವಳು ಕೇಳುವ ಮೊದಲೇ ಲಕ್ಷ್ಮೀಕಾಂತ ಬಾಗಿಲ ಹಿಂದಿದ್ದ ಬ್ಯಾಗನ್ನು ನೋಡಿದ.

"ಎಲ್ಲಿಗೆ ಹೊರಟಿದೀಯ?"

"ಎಲ್ಲಿಗೂ ಇಲ್ಲ ರೀ. ಬೆಂಕಿಗಿಂಕಿ ಬಿದ್ರೆ ಅಂತ ತೆಗ್ದಿಟ್ಟೆ. ನಿಮ್ದೂ ಕೊಡಿ, ಸೇರಿಸ್ತೀನಿ."

ಅವನು ಎಲ್ಲವನ್ನೂ ಚಾಪೆಯ ಮೇಲೆ ಸುರಿದ. "ನಿಂದೈತೆ, ಮಗೂದೈತೆ. ನಂದೊಂದೂ ಇಲ್ಲ."

"ಬೀರು ಬೀಗದ ಕೈ ನಿಮ್ಮತ್ರ ತಾನೇ ಇರೋದು."

ಅಡುಗೆಮನೆಯಿಂದ ಅತ್ತೆ ಭದ್ರಮ್ಮ ಅಂದರು: "ಇರೋ ಮನೆ ಸುಡುತ್ತೆ ಅಂತ ಯಾರಾದ್ರೂ ಗಂಟು ಕಟ್ತಾರಾ? ಇದು ಗುಬ್ಬಿಗೆ ಹೋಗೋ ಗಂಟು, ಬುಡು."

ಯುಗಾದಿಯ ಹೊತ್ತಿನಲ್ಲಿ ಜಗಳವಾಡಿಕೊಂಡು ಬಿಂದುಶ್ರೀ ಮಗಳ ಜೊತೆ ಗುಬ್ಬಿಯ ತವರಿಗೆ ಹೋಗಿ ಬಂದಿದ್ದಳು. ಅದನ್ನು ಈ ಮನೆ ಮರೆತಿರಲಿಲ್ಲ.

ಮರುದಿನ ಬೆಳಿಗ್ಗೆ ಲಕ್ಷ್ಮೀಕಾಂತ ಕಾಗದಗಳನ್ನು ಮತ್ತೆ ತುಂಬಿ ಬ್ಯಾಗನ್ನು ಬೈಕಿಗೆ ಹಾಕಿಕೊಂಡ. "ಬೆಂಕಿ ಭಯ ತಾನೇ? ಕುಣಿಗಲ್ಲಲ್ಲಿ ಅಣ್ಣನ ಮನೇಲಿರ್ಲಿ, ಭದ್ರವಾಗಿರುತ್ತೆ." ಅವಳ ಮಾತನ್ನೇ ಅವಳಿಗೆ ಹಿಂದಿರುಗಿಸಿದ್ದ.

ಅವಳು ಅಂತರಸನಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಮಳೆಗಾಲದಲ್ಲಿ ಅಲ್ಲಿ ಕ್ವಾಲಿಟಿ ವಿಭಾಗಕ್ಕೆ ಪಿಯುಸಿ ಆದವರನ್ನು ಕರೆದರು. ಕೂತು ಮಾಡುವ ಕೆಲಸ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಬೇಕಿತ್ತು. ಗಂಡನನ್ನು ಕೇಳಿದಾಗಲೆಲ್ಲ "ತರ್ತೀನಿ" ಎನ್ನುತ್ತಿದ್ದ. ತರಲಿಲ್ಲ. ಕಡೆಗೆ ರಜೆ ಹಾಕಿ ತಾನೇ ಕುಣಿಗಲ್ ಬಸ್ಸು ಹತ್ತಿದಳು.

ಭಾವ ಕೃಷ್ಣಕುಮಾರ್ ಅವಳ ಮುಖ ನೋಡದೆ ಪೇಪರು ಮಡಿಸಿದರು. "ಲಕ್ಷ್ಮೀಕಾಂತ ಬಂದ್ರೆ ಕೊಡ್ತೀನಮ್ಮ. ಯಾರ ಕೈಗೂ ಕೊಡ್ಬೇಡ ಅಂದವ್ನೆ."

"ನನ್ನ ಕೈಗೂನಾ ಭಾವ? ಅದು ನನ್ ಮಾರ್ಕ್ಸ್ ಕಾರ್ಡು."

"ಗಂಡ ಹೆಂಡ್ತಿ ಮಧ್ಯೆ ನಾನು ಬರಲ್ಲ. ಕಾಫಿ ಕುಡಿದು ಹೋಗಮ್ಮ."

ಕಾಫಿ ಕುಡಿಯದೆ ಎದ್ದು ಬಂದಳು. ಬಸ್ಸು ಕೆರೆ ಏರಿ ದಾಟುವಾಗ, ಆ ಮನೆ ಬಿಟ್ಟು ಹೋಗುವ ಯೋಚನೆ ಮೊದಲ ಸಲ ನಿಜವಾಗಿ ಬಂತು. ಬಂದದ್ದೇ ತಡ, ಜನನ ಪತ್ರವಿಲ್ಲದೆ, ಆಧಾರ್ ಇಲ್ಲದೆ ಗುಬ್ಬಿಯ ಯಾವ ಶಾಲೆಗೆ ಇಂಪನಾಳನ್ನು ಸೇರಿಸಲಿ ಎಂಬುದೂ ಹೊಳೆಯಿತು.

ಅವಳು ಮನೆ ಮುಟ್ಟುವಷ್ಟರಲ್ಲಿ ಕುಣಿಗಲ್ಲಿಂದ ಫೋನು ಬಂದಾಗಿತ್ತು. ಲಕ್ಷ್ಮೀಕಾಂತ ಜಗಲಿಯಲ್ಲಿ ಕೂತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಬ್ಯಾಗ್ ತರಕ್ಕೆ ನೀನೇ ಹೋದ್ಯಲ್ಲ, ಅಲ್ಲಿಗೆ ಗೊತ್ತಾಯ್ತು ಬುಡು."

ಏನು ಹೇಳಿದರೂ ಅದು ಅವನ ಕಡೆಯ ಸಾಕ್ಷಿಯೇ ಆಗುತ್ತಿತ್ತು. ಬಿಂದುಶ್ರೀ ಚಪ್ಪಲಿ ಬಿಟ್ಟು ಒಳಗೆ ಹೋದಳು. ಕೈಕಾಲು ತೊಳೆದು, ಮುದ್ದೆಗೆ ಎಸರಿಟ್ಟಳು.

ಮರುವಾರ ಕ್ವಾಲಿಟಿ ವಿಭಾಗದ ಕುರ್ಚಿಯಲ್ಲಿ ಬೇರೊಬ್ಬಳು ಕೂತಿದ್ದಳು.