ಕಾಲ ಬಳಿ ಇಳಿದ ತೀರ್ಥ

ಮಧ್ಯಾಹ್ನ ಹನ್ನೆರಡರೊಳಗೆ ತೀರ್ಥ ಊರು ಸೇರದಿದ್ದರೆ ಅತ್ತೆಯ ಚಿತೆಗೆ ಬೆಂಕಿಯಿಡುವ ಮುಹೂರ್ತ ತಪ್ಪುತ್ತಿತ್ತು. ಬಾತೂರ್ ಬೆಟ್ಟದ ದೇವಸ್ಥಾನದಿಂದ, ಎಲೆಕೋಸು ಸಾಗಿಸುವ ನನ್ನ ಪಿಕಪ್ಪನ್ನು ಮಳೆಯಲ್ಲಿ ಇಳಿಸುತ್ತಿದ್ದೆ. ಎರಡು ವೈಪರುಗಳಲ್ಲಿ ಒಂದಷ್ಟೇ ಓಡುತ್ತಿತ್ತು. ಪಕ್ಕದಲ್ಲಿ ಗಂಡನ ಅಕ್ಕ ಮರ್ನಿ, ಹಳದಿ ಬಟ್ಟೆ ಸುತ್ತಿದ ತೀರ್ಥದ ಬಿದಿರುಗೊಳವೆಯನ್ನು ಎದೆಗವಚಿಕೊಂಡಿದ್ದಳು.

“ನಿಧಾನ, ವಾರ್ಸಿ. ಇದು ನಿನ್ನ ಕೋಸಿನ ಲೋಡಲ್ಲ.”

“ಕೋಸು ಇಷ್ಟು ಮಾತಾಡಲ್ಲ ಅತ್ತಿಗೆ.”

“ಬೆಳಿಗ್ಗೆ ನೈವೇದ್ಯದ ಬುಟ್ಟೀನ ಎಡಗೈಲಿ ಎತ್ತಿದ್ದು ನೋಡಿದೀನಿ. ಅಮ್ಮ ಇದ್ದಿದ್ರೆ ಗೊತ್ತಾಗ್ತಿತ್ತು ನಿಂಗೆ.”

ನಾನು ಗಡಿಯಾರ ನೋಡಿದೆ. ಹತ್ತೂಕಾಲು. ಆಗಲೇ ಕರಿಮರಳಿನ ಲಾರಿಯೊಂದು ತಿರುವಿನಲ್ಲಿ ಜಾರುತ್ತ ಎದುರಾಯಿತು. ಗಕ್ಕನೆ ಬ್ರೇಕ್ ಒತ್ತಿ, ಮತ್ತೆ ಹೊರಟೆ. ಇನ್ನೆರಡು ತಿರುವು ಕಳೆಯುವಷ್ಟರಲ್ಲಿ ಮರ್ನಿಯ ಮಾತು ನಿಂತಿತು. ಕಿಟಕಿ ಇಳಿಸಿ, ತಲೆ ಹೊರಗೆ ಚಾಚಿ ವಾಂತಿ ಮಾಡಿಕೊಂಡಳು.

ತಲೆ ಒಳಗೆಳೆದುಕೊಂಡಾಗ ಅವಳ ಮಡಿಲು ಖಾಲಿ. ಕೊಳವೆ ಅವಳ ಪಾದದ ಬಳಿ, ನಾನು ಕಳಚಿಟ್ಟಿದ್ದ ಕೆಸರು ಚಪ್ಪಲಿಯ ಪಕ್ಕದಲ್ಲಿ ನಿಂತಿತ್ತು. ಅವಳೇ ಇಟ್ಟದ್ದು. ಕಾಲ ಮಟ್ಟಕ್ಕೆ ಇಳಿದ ಮೇಲೆ ಅದು ತೀರ್ಥವಲ್ಲ, ಬರೀ ನೀರು.

ಮೆಲ್ಲಗೆ ಎತ್ತಿಕೊಂಡಳು. ನಾನು ಗಾಜಿನಿಂದ ಕಣ್ಣು ತೆಗೆಯಲಿಲ್ಲ.

“ನೋಡ್ದೆಯಾ?”

“ರಸ್ತೆ ನೋಡ್ತಿದ್ದೆ.”

“ಸುಳ್ಳಿ.”

“ನಾನ್ಯಾರಿಗೂ ಹೇಳಲ್ಲ ಅತ್ತಿಗೆ.”

ಮುಹೂರ್ತ ಅತ್ತೆಗೆ, ತೀರ್ಥವೂ ಅತ್ತೆಗೆ. ಹೊಸ ತೀರ್ಥಕ್ಕೆ ಮತ್ತೆ ಬೆಟ್ಟ ಹತ್ತಿದರೆ ಮುಹೂರ್ತ ತಪ್ಪುತ್ತಿತ್ತು.

“ಅಮ್ಮಂಗೆ ಬರೀ ನೀರು ಚಿಮುಕಿಸ್ಲಾ?” ಅಂದಳು. “ಗಾಡಿ ತಿರುಗ್ಸು.”

ಹಿಂದಕ್ಕೆ ಹತ್ತುವಾಗ ಫೋನು ಬಡಿದುಕೊಂಡಿತು. ನನ್ನ ಗಂಡ ಸುವೇತ್ರ. ಮರ್ನಿ ನನ್ನನ್ನೇ ನೋಡುತ್ತಿದ್ದಳು.

“ಗಾಡಿ ಕೆಟ್ಟಿತ್ತು, ತಡ ಆಗುತ್ತೆ,” ಅಂದೆ.

“ಆ ಡಬ್ಬಾ ಮಾರು ಅಂತ ಬಡ್ಕೊಂಡೆ! ಎರಡು ಗಂಟೆಗೆ ಇನ್ನೊಂದು ಮುಹೂರ್ತ ಇದೆಯಂತೆ. ಅದೂ ತಪ್ಪಿದ್ರೆ ಮುಂದಿನ ತಿಂಗಳ ಮುಹೂರ್ತದವರೆಗೆ ಅಮ್ಮನ್ನ ಮನೇಲೇ ಇಟ್ಕೊಂಡು ಕಾಯ್ಬೇಕು.”

ಅರ್ಚಕರು ಏನೂ ಕೇಳದೆ ಹೊಸ ಕೊಳವೆ ತುಂಬಿಕೊಟ್ಟರು. ಈ ಸಲ ಮರ್ನಿ ಅದನ್ನು ತಲೆಯ ಮೇಲಿಟ್ಟು, ಎರಡೂ ಕೈಯಲ್ಲಿ ಬಿಗಿಹಿಡಿದಳು.

“ಮತ್ತೆ ವಾಂತಿ ಬಂದ್ರೆ?”

“ನುಂಗ್ತೀನಿ. ನೀ ಓಡ್ಸು, ಬೇಗ.”

ಎರಡಕ್ಕೆ ಹತ್ತು ನಿಮಿಷವಿರುವಾಗ ಊರು ಸೇರಿದೆವು. ಅವಳ ಕೈ ಮರಗಟ್ಟಿ ಕೆಳಗಿಳಿಯಲೊಲ್ಲದು. ಅವಳ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ.

“ಬಲಗೈಲಿ ತಗೋ,” ಅಂದಳು.